ಫ್ರೀಜರಿನಲ್ಲಿ ಟಿಕ್ ಅಂದದ್ದು

ಅಪ್ಪನಿಗೆ ಗೊತ್ತಿರುವ ಇಂಗ್ಲಿಷ್ ಶಬ್ದಗಳಲ್ಲಿ ಅವರ ನಾಲಗೆಗೆ ಅತಿ ಹತ್ತಿರದ್ದು ‘ಆರ್ಡರ್’. ಮುಂಬಯಿಯ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತು ವರ್ಷದಿಂದ ಆ ಶಬ್ದ ಹಿಡಿದುಕೊಂಡೇ ಅವರ ಸಂಸಾರ ನಡೆದದ್ದು. ಮೊದಲು ತಾವೇ ಆರ್ಡರ್ ತೆಗೆದುಕೊಳ್ಳುತ್ತಿದ್ದರು. ಈಗ ಮೇನೇಜರ್ ಆಗಿ, ಬೇರೆಯವರು ತೆಗೆದುಕೊಂಡ ಆರ್ಡರ್ ಎಲ್ಲಿಗೆ ಬಂತು ಎಂದು ಅಡಿಗೆಮನೆಯ ಕಿಟಕಿಯೊಳಗೆ ತಲೆ ತೂರಿಸಿ ಕೂಗುತ್ತಾರೆ. ಇಂಥವರ ಎದುರು, ನಾನು ಪಿಎಚ್‌ಡಿಗೆ ಸೇರಿದ ದಿನ, “ಎಂಥ ವಿಷಯ ಮಗಾ?” ಎಂದು ಕೇಳಿದಾಗ, “ಕಬ್ಬಿಣ-ನಿಕ್ಕಲ್ ಮಿಶ್ರಲೋಹದಲ್ಲಿ ಪರಮಾಣುಗಳ ಆರ್ಡರಿಂಗ್” ಎಂದುಬಿಟ್ಟೆ. ಅವರ ಮುಖ ಅರಳಿತು.

“ಓಹೋ, ಆರ್ಡರಾ! ಅದು ನಮ್ಮ ಲೈನೇ ಅಲ್ವಾ ಮಾರಾಯ್ತಿ!”

ಅವತ್ತು ಶುರುವಾದದ್ದು. ನಾನು ಮುಲುಂಡಿನ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಒಳಗಿಂದ ಪ್ರಶ್ನೆ ಬರುತ್ತಿತ್ತು: “ಆರ್ಡರ್ ಬಂತಾ?” ಮೊದಲ ವರ್ಷ ನಗುತ್ತಿದ್ದೆ. ಎರಡನೆಯ ವರ್ಷ “ಇಲ್ಲ ಅಪ್ಪ” ಎನ್ನುತ್ತಿದ್ದೆ. ನಾಲ್ಕನೆಯ ವರ್ಷದ ಹೊತ್ತಿಗೆ ಆ ಎರಡು ಶಬ್ದ ಕಿವಿಗೆ ಬಿದ್ದರೆ ಸಾಕು, ನನ್ನ ಪಿತ್ತ ನೆತ್ತಿಗೇರುತ್ತಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಬಿಲ್ಡಿಂಗಿಗೆಲ್ಲ ಗೊತ್ತು, ಅದರಲ್ಲಿ ಮುಚ್ಚಿಡುವಂಥದ್ದು ಏನಿಲ್ಲ.

ಪಾಪ, ಅವರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಆರ್ಡರ್ ಬಂದೇ ಇರಲಿಲ್ಲ. ಕಬ್ಬಿಣ ಅರ್ಧ, ನಿಕ್ಕಲ್ ಅರ್ಧ ಸೇರಿಸಿ ಕರಗಿಸಿದರೆ ಪರಮಾಣುಗಳು ಯದ್ವಾತದ್ವಾ ಕೂರುತ್ತವೆ, ಯಾರ ಪಕ್ಕ ಯಾರು ಎಂಬುದಕ್ಕೆ ಒಂದು ಕ್ರಮವೇ ಇಲ್ಲ. ತೀರಾ ನಿಧಾನವಾಗಿ ತಣಿಯಲು ಬಿಟ್ಟರೆ ಮಾತ್ರ ಶಿಸ್ತು ಮೂಡುತ್ತದೆ: ಒಂದು ಪದರ ಕಬ್ಬಿಣ, ಅದರ ಮೇಲೊಂದು ಪದರ ನಿಕ್ಕಲ್, ಮತ್ತೆ ಕಬ್ಬಿಣ, ಮತ್ತೆ ನಿಕ್ಕಲ್. ಹಾಗೆ ಶಿಸ್ತಾಗಿ ಕೂತದ್ದು ಗಟ್ಟಿ ಆಯಸ್ಕಾಂತವಾಗುತ್ತದೆ, ಅದಕ್ಕೇ ಎಲ್ಲರಿಗೂ ಅದರ ಮೇಲೆ ಕಣ್ಣು. ಆದರೆ ನಿಧಾನ ಅಂದರೆ ಎಷ್ಟು ನಿಧಾನ? ಆಕಾಶದಿಂದ ಬಿದ್ದ ಉಲ್ಕೆಗಳಲ್ಲಿ ಈ ಶಿಸ್ತು ಸಿಗುತ್ತದೆ. ಅವು ಅಲ್ಲಿ ಮೇಲೆ ಲಕ್ಷಾಂತರ ವರ್ಷ ತಣಿಯುತ್ತಾ ಕೂತು ಅದನ್ನು ಸಂಪಾದಿಸಿಕೊಂಡವು. ನನಗೆ ಸಿಕ್ಕಿದ್ದು ಐದು ವರ್ಷದ ಸ್ಕಾಲರ್‌ಶಿಪ್.

ಒಮ್ಮೆ ಇದನ್ನು ಅಪ್ಪನಿಗೆ ವಿವರಿಸಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡರು.

“ಪದರ ಪದರ ಅಂದ್ರೆ, ನಮ್ಮ ಇಡ್ಲಿ ಸ್ಟ್ಯಾಂಡಿನ ಹಾಗೆ?”

“ಹಾಗೇ ಅಂದ್ಕೊಳ್ಳಿ.”

“ಲಕ್ಷ ವರ್ಷ ಗಿರಾಕಿ ಕೂತಿರ್ತಾನಾ? ನಿನ್ನ ಗೈಡ್ ಕೇಳಿದ್ರೆ ‘ಬರ್ತಾ ಉಂಟು’ ಅಂತ ಹೇಳು. ಹೋಟೆಲಿನಲ್ಲಿ ಬರ್ತಾ ಉಂಟು ಅಂದ್ರೆ ಎಂಥ ಗೊತ್ತುಂಟಾ? ಇನ್ನೂ ಕಾವಲಿಗೆ ಹಿಟ್ಟೇ ಬೀಳ್ಲಿಲ್ಲ ಅಂತ ಅರ್ಥ. ಆದ್ರೆ ಹಾಗೆ ಹೇಳ್ಲಿಕ್ಕಾಗ್ತದಾ? ಮರ್ಯಾದೆ ಉಂಟಲ್ಲ, ಗಿರಾಕಿಗೂ ನಮಗೂ.”

ನನ್ನ ಪ್ರಬಂಧದಲ್ಲಿ ಎರಡು ಭಾಗ. ಲೋಕಲ್ ಟ್ರೇನಿನ ಭಾಷೆಯಲ್ಲಿ ಹೇಳುವುದಾದರೆ ಒಂದು ಸ್ಲೋ, ಒಂದು ಫಾಸ್ಟ್. ಮೇಲೆ ಹೇಳಿದ ಆರ್ಡರ್ ಸ್ಲೋ. ಫಾಸ್ಟ್ ಭಾಗಕ್ಕೆ ಬೇರೆ ಪಾಕ: ನಿಕ್ಕಲ್ ಸುಮಾರು ಮೂವತ್ತು ಪಾಲು, ಉಳಿದದ್ದೆಲ್ಲ ಕಬ್ಬಿಣ. ಇದರ ಬಿಲ್ಲೆಯೊಂದನ್ನು ನಮ್ಮ ಊರಿನ ಸೆಕೆಯಲ್ಲಿ ಇಟ್ಟರೆ ಅದು ತನ್ನ ಪಾಡಿಗೆ ಒಂದು ರಚನೆಯಲ್ಲಿ ಕೂತಿರುತ್ತದೆ. ಸೊನ್ನೆಗಿಂತ ಎಷ್ಟೋ ಕೆಳಕ್ಕೆ ತಣಿಸಿದಿರೋ, ಕಣ್ಣು ಮಿಟುಕಿಸುವ ಮೊದಲೇ ಒಳಗೆಲ್ಲ ಬೇರೆಯೇ ರಚನೆ. ಇದರಲ್ಲಿ ಯಾವ ಪರಮಾಣುವೂ ತನ್ನ ಪಕ್ಕದವರನ್ನು ಬಿಟ್ಟು ಹೋಗುವುದಿಲ್ಲ. ಬೆಳಗಿನ ಲೇಡೀಸ್ ಡಬ್ಬಿಯಲ್ಲಿ ಮೋಟರ್‌ಮನ್ ಗಕ್ಕನೆ ಬ್ರೇಕ್ ಹಾಕಿದಾಗ ನಾವೆಲ್ಲ ಒಟ್ಟಿಗೇ ಒಂದೇ ಕಡೆ ವಾಲುತ್ತೇವಲ್ಲ, ಹಾಗೆ. ಯಾರ ಪಕ್ಕದಲ್ಲಿದ್ದವರು ಅವರ ಪಕ್ಕದಲ್ಲೇ ಇದ್ದಾರೆ, ಆದರೆ ಇಡೀ ಡಬ್ಬಿಯ ಆಕಾರ ಬದಲಾಗಿದೆ. ಒಬ್ಬಳು ವಾಲಿದರೆ ಅವಳ ತಳ್ಳಾಟಕ್ಕೆ ಹತ್ತು ಮಂದಿ ವಾಲುತ್ತಾರೆ. ಲೋಹದಲ್ಲಿ ಹೀಗಾದಾಗ ‘ಟಿಕ್’ ಎಂದು ಶಬ್ದವೂ ಬರುತ್ತದೆ.

ಆ ಟಿಕ್ ನನ್ನ ಎರಡನೆಯ ಭಾಗದ ಪ್ರಾಣ. ಬಿಲ್ಲೆಯನ್ನು ತಣಿಸುತ್ತಾ ಅದರ ಸದ್ದನ್ನು ಕೇಳಿಸಿಕೊಳ್ಳುವ ಒಂದು ಯಂತ್ರ ಇನ್ನೊಂದು ಸಂಸ್ಥೆಯಲ್ಲಿತ್ತು, ಫೋರ್ಟಿನಿಂದ ಒಂದು ಬಸ್ಸಿನಷ್ಟು ದೂರ. ಅದರ ಸ್ಲಾಟ್ ಸಿಗುವುದೆಂದರೆ ಸಂಜೆ ಆರಕ್ಕೆ ದಾದರಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದ ಹಾಗೆ. ಆರು ತಿಂಗಳು ಕಾದು ನನಗೆ ಒಂದು ಬೆಳಿಗ್ಗೆ ಸಿಕ್ಕಿತ್ತು. ಅದಕ್ಕೆಂದೇ ಹಳೆಯ ರೂಪಾಯಿ ನಾಣ್ಯದಷ್ಟು ಅಗಲದ ಮೂರು ಬಿಲ್ಲೆಗಳನ್ನು ತಯಾರು ಮಾಡಿದ್ದೆ. ಕರಗಿಸಿ, ದಿನಗಟ್ಟಲೆ ಕುಲುಮೆಯಲ್ಲಿಟ್ಟು, ಮುಖ ಕಾಣುವಷ್ಟು ಪಾಲಿಶ್ ಮಾಡಿ, ಬೆರಳಿನ ತುದಿಯ ಚರ್ಮ ಹೋಗಿತ್ತು. ಮೈನಸ್ ಮೂವತ್ತು ಡಿಗ್ರಿವರೆಗೆ ಬೇಗಬೇಗ ಇಳಿಸುವುದು, ಅಲ್ಲಿಂದ ಯಂತ್ರದ ಕಿವಿ ತೆರೆದು ನಿಧಾನ ಮಾಡುವುದು ಎಂದು ನಾನು ಲೆಕ್ಕ ಹಾಕಿ ಬರೆದಿಟ್ಟಿದ್ದೆ. ಮುಖ್ಯ ಸಂಗತಿ ಏನೆಂದರೆ, ಬಿಲ್ಲೆ ಮೊದಲ ಸಲ ಬದಲಾಗುವುದನ್ನೇ ಯಂತ್ರ ಕೇಳಬೇಕು. ಒಮ್ಮೆ ಬದಲಾಗಿಬಿಟ್ಟ ಬಿಲ್ಲೆ ಎಂಜಲು.

ಸ್ಲಾಟಿನ ಹಿಂದಿನ ದಿನ ಮಧ್ಯಾಹ್ನ ಬಿಲ್ಲೆಗಳನ್ನು ಅಲ್ಲಿ ಒಪ್ಪಿಸಲು ಹೋದೆ. ಗೇಟಿನಲ್ಲಿ ಕಾವಲಿನವನು ಪತ್ರ ಕೇಳಿದ. ಪತ್ರ ನಮ್ಮ ಲ್ಯಾಬಿನ ಮೇಜಿನ ಮೇಲೆ ಸುಖವಾಗಿ ಕೂತಿತ್ತು. ಹಣೆ ಚಚ್ಚಿಕೊಂಡು ಫೋರ್ಟಿಗೆ ಬಂದೆ. ಮತ್ತೆ ಲ್ಯಾಬಿಗೆ ಹೋಗಿ ಪತ್ರ ತಂದು, ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಆ ಗೇಟಿನಲ್ಲಿರಬೇಕು. ಸಂಜೆಯ ನೂಕುನುಗ್ಗಲಿನಲ್ಲಿ ಈ ಪ್ರಾಣವನ್ನು ಬ್ಯಾಗಿನಲ್ಲಿಟ್ಟುಕೊಂಡು ಹೋಗುವುದೇ? ಸಾಧ್ಯವಿಲ್ಲ. ಅಪ್ಪನ ಹೋಟೆಲಿಗೆ ಹೋದೆ.

ಬಿಲ್ಲೆಗಳು ಇದ್ದದ್ದು ಅಮ್ಮನ ಹಳೆಯ ಇಂಗಿನ ಡಬ್ಬಿಯಲ್ಲಿ, ಟಿಶ್ಯೂ ಕಾಗದದೊಳಗೆ. ಡಬ್ಬಿಯನ್ನು ಅಪ್ಪನ ಕೈಗಿಟ್ಟು, “ಇದನ್ನು ಜೋಪಾನ ಮಾಡಿ. ಅಡಿಗೆಮನೆಯ ಬಿಸಿ, ಹಬೆ ಏನೂ ತಾಗಬಾರದು. ಹಾಳಾಗಬಾರದು. ಬೆಳಿಗ್ಗೆ ಬಂದು ತಗೊಳ್ತೇನೆ” ಎಂದೆ.

“ಹಾಳಾಗಬಾರದು ಅಷ್ಟೇ ತಾನೇ? ಆಯ್ತು, ನೀನು ಹೋಗು. ನನ್ನ ತಲೆಗೆ ಬಿಡು.”

ಆ ‘ಹಾಳಾಗಬಾರದು’ ಎಂಬ ಶಬ್ದವನ್ನು ನಾನು ಆಮೇಲೆ ಎಷ್ಟು ಸಲ ನೆನೆದುಕೊಂಡೆನೋ. ಲ್ಯಾಬಿನಲ್ಲಿ ಅದಕ್ಕೆ ನೂರು ಅರ್ಥ. ಹೋಟೆಲಿನವರಿಗೆ ಒಂದೇ ಅರ್ಥ, ಒಂದೇ ಮದ್ದು.

ಮರುದಿನ ಬೆಳಿಗ್ಗೆ ಏಳೂವರೆಗೆ ಪತ್ರ ಹಿಡಿದು ಹೋಟೆಲಿಗೆ ಬಂದೆ. ಅಷ್ಟೊತ್ತಿಗೇ ಆಫೀಸಿನವರು ಎಲ್ಲ ಟೇಬಲುಗಳಲ್ಲೂ ತುಂಬಿದ್ದರು. ಅಪ್ಪ ನನ್ನನ್ನು ಕಂಡು ಹುಬ್ಬು ಕುಣಿಸಿ, ಬಾ ಎಂದು ಒಳಗೆ ಕರೆದುಕೊಂಡು ಹೋಗಿ, ಮೂಲೆಯಲ್ಲಿದ್ದ ದೊಡ್ಡ ಡೀಪ್ ಫ್ರೀಜರಿನ ಬಾಗಿಲು ಎತ್ತಿದರು. ಐಸ್‌ಕ್ರೀಮ್ ಡಬ್ಬಿಗಳ ಪಕ್ಕದಲ್ಲಿ, ಹಿಮದ ಪುಡಿ ಮೆತ್ತಿಕೊಂಡು, ಇಂಗಿನ ಡಬ್ಬಿ.

“ನೋಡು. ಒಂದು ಚೂರು ಹಾಳಾಗ್ಲಿಲ್ಲ. ಕಾಗದ ಒದ್ದೆಯಾಗಿ ಅಂಟ್ತದೆ ಅಂತ ಅದನ್ನೂ ತೆಗೆದು ಇಟ್ಟೆ.”

ಡಬ್ಬಿ ತೆರೆದು, ದುಪಟ್ಟಾದ ತುದಿಯಿಂದ ಒಂದು ಬಿಲ್ಲೆ ಒರೆಸಿದೆ. ನಿನ್ನೆ ಅದರಲ್ಲಿ ನನ್ನ ಮೂಗಿನ ಮೊಡವೆ ಕಾಣುತ್ತಿತ್ತು. ಇವತ್ತು ಮುಖವೇ ಇಲ್ಲ. ಪಾಲಿಶಿನ ಮೇಲೆಲ್ಲ ಸೂಜಿ ಸೂಜಿಯಂಥ ಉಬ್ಬು, ಯಾರೋ ಒಳಗಿನಿಂದ ಗೀರಿದ ಹಾಗೆ. ಎರಡನೆಯದೂ ಹಾಗೇ. ಮೂರನೆಯದೂ. ಮೂರೂ ಬದಲಾಗಿ ಮುಗಿದಿದ್ದವು. ಹೊರಗೆ ಇಟ್ಟರೆ ಬಿಸಿಯಾಗಿ ಮೊದಲಿನಂತೆ ಆಗುವ ಮಾಲು ಇದಲ್ಲ. ಫ್ರೀಜರಿನಲ್ಲಿ ಒಂದು ರಾತ್ರಿ ತಣಿಸಿದ್ದಕ್ಕೆ ಬದಲಾದದ್ದನ್ನು ಹಿಂದಕ್ಕೆ ತರಬೇಕಾದರೆ ನಾನೂರು ಡಿಗ್ರಿ ಕಾಯಿಸಬೇಕು.

ನಾನು ಕೂಗಿದೆ. ಹೇಗೆ ಕೂಗಿದೆ ಎಂದರೆ ಹೊರಗೆ ಚಮಚೆಗಳ ಸದ್ದು ನಿಂತಿತು.

“ಇದೇನು ಇಡ್ಲಿ ಹಿಟ್ಟು ಅಂದ್ಕೊಂಡ್ರಾ ಅಪ್ಪ? ಎಲ್ಲಕ್ಕೂ ಫ್ರೀಜರ್! ಐದು ವರ್ಷ! ಐದು ವರ್ಷದ ಕೆಲಸ ಐಸ್‌ಕ್ರೀಮಿನ ಪಕ್ಕ ಇಟ್ಟು ಹಾಳು ಮಾಡಿದ್ರಲ್ಲ! ನಿಮಗೆ ಏನು ಗೊತ್ತಾಗ್ತದೆ ಇದೆಲ್ಲ? ನಿಮ್ಮ ಆರ್ಡರ್ ಬೇರೆ, ನನ್ನ ಆರ್ಡರ್ ಬೇರೆ. ಇನ್ನು ಮೇಲೆ ಕೇಳ್ಳೇಬೇಡಿ!”

ಅಡಿಗೆಮನೆಯಲ್ಲಿ ಎಲ್ಲರೂ ನಿಂತಲ್ಲೇ ನಿಂತಿದ್ದರು. ಇಷ್ಟು ವರ್ಷ ಅಪ್ಪ ಅವರಿಗೆಲ್ಲ ಹೇಳಿಕೊಂಡು ಬಂದದ್ದು ಒಂದೇ ಮಾತು, ನನ್ನ ಮಗಳು ದೊಡ್ಡ ಆರ್ಡರಿನ ಮೇಲೆ ಕೆಲಸ ಮಾಡ್ತಾಳೆ ಅಂತ. ಅಪ್ಪ ಫ್ರೀಜರಿನ ಬಾಗಿಲನ್ನು ಮೆಲ್ಲಗೆ, ಸದ್ದಾಗದ ಹಾಗೆ ಮುಚ್ಚಿದರು. ಹೊರಗೆ ಹೋಗಿ ಮೂರನೆಯ ಟೇಬಲಿನವರಿಗೆ ನೀರು ಇಟ್ಟರು.

ನಾನು ಫೋನ್ ಮಾಡಿ ಸ್ಲಾಟನ್ನು ಇನ್ನೊಬ್ಬ ಹುಡುಗಿಗೆ ಬಿಟ್ಟುಕೊಟ್ಟೆ. ಮುಂದಿನದು ಮತ್ತೆ ಆರು ತಿಂಗಳಿಗೆ. ವಿ.ಟಿ. ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಅತ್ತೆ. ಪಕ್ಕದಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡ ಹೆಂಗಸು ಕಾರಣ ಕೇಳದೆ ನನಗೆ ಒಂದು ಪೆಪ್ಪರ್‌ಮಿಂಟ್ ಕೊಟ್ಟಳು.

ಅವತ್ತು ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟೆ. ಒಳಗಿಂದ ಪ್ರಶ್ನೆ ಬರಲಿಲ್ಲ. ಒಳ್ಳೇದಾಯ್ತು ಎಂದುಕೊಂಡೆ. ಮರುದಿನವೂ ಬರಲಿಲ್ಲ. ಮೂರನೆಯ ದಿನ ನಾನು ಬೇಕೆಂದೇ ಚಪ್ಪಲಿಯನ್ನು ದಪ್ಪ್ ಎಂದು ಬಿಸಾಡಿದೆ. ಅಪ್ಪ ಟೀವಿಯ ಸದ್ದು ಒಂದು ಚೂರು ಏರಿಸಿದರು, ಅಷ್ಟೆ.

ಅವರು ಮುನಿಸಿಕೊಂಡು ಊಟ ಬಿಡುವ ಜಾತಿಯಲ್ಲ. ಸುಮ್ಮನೆ ಮಾತು ಬಿಟ್ಟರು. ಹೇಳಬೇಕಾದದ್ದನ್ನೆಲ್ಲ ಅಮ್ಮನ ಮೂಲಕ ಹೇಳಿದರು. “ಅವಳಿಗೆ ಹೇಳು, ನಾಳೆ ಮೆಗಾಬ್ಲಾಕ್ ಉಂಟಂತೆ, ಟ್ರೇನು ಕಮ್ಮಿ.” “ಅವಳಿಗೆ ಕೇಳು, ಗೀಸರ್ ಬಂದ್ ಮಾಡ್ಲಾ ಅಂತ.” ನಾನೂ ಏನು ಕಡಿಮೆಯೇ? “ಅವರಿಗೆ ಹೇಳಮ್ಮ, ಮಾಡಲಿ ಅಂತ.” ಒನ್ ಬಿಎಚ್‌ಕೆ ಮನೆ. ಮೂರೂ ಜನ ಒಂದೇ ಸೋಫಾದ ಮೇಲೆ. ಎರಡನೆಯ ವಾರದಲ್ಲಿ ಅಮ್ಮನಿಗೆ ಸಾಕಾಯಿತು.

“ನಾನೆಂಥ ವಾಟ್ಸಾಪ್ಪಾ? ಇಬ್ಬರಿಗೂ ಬಾಯಿ ಉಂಟು, ದೇವರು ಕೊಟ್ಟಿದ್ದಾನೆ. ನನ್ನನ್ನು ಬಿಡಿ!”

ಅಮ್ಮ ರಾಜೀನಾಮೆ ಕೊಟ್ಟ ಮೇಲೆ ಮನೆಯಲ್ಲಿ ಮೌನ. ನಿಜ ಹೇಳುತ್ತೇನೆ, ನನಗೆ ಸ್ಲಾಟು ಹೋದದ್ದಕ್ಕಿಂತ ಇದಕ್ಕೇ ಹೆಚ್ಚು ಸಂಕಟವಾಯಿತು. ಐದು ವರ್ಷ ಯಾವ ಪ್ರಶ್ನೆಗೆ ಮೈಯೆಲ್ಲ ಉರಿಯುತ್ತಿತ್ತೋ, ಅದನ್ನು ಕೇಳುವವರಿಲ್ಲದೆ ನಾನು ದಿನಾ ಬಾಗಿಲಲ್ಲಿ ಅರ್ಧ ನಿಮಿಷ ಸುಮ್ಮನೆ ನಿಲ್ಲುತ್ತಿದ್ದೆ. ಲ್ಯಾಬಿನಲ್ಲಿ ನನ್ನ ಆರ್ಡರ್ ಏನಾಯಿತು ಎಂದು ಈ ಲೋಕದಲ್ಲಿ ದಿನಾ ಕೇಳುತ್ತಿದ್ದವರು ಒಬ್ಬರೇ. ಆ ಒಬ್ಬರ ಬಾಯನ್ನು ಅವರ ಹೋಟೆಲಿನಲ್ಲೇ, ಅವರ ಜನರ ಎದುರೇ ನಾನು ಮುಚ್ಚಿಸಿದ್ದೆ. ಕ್ಷಮೆ ಕೇಳೋಣವೆಂದು ಅವರ ಹತ್ತಿರ ಹೋಗಿ, ಟೀವಿಯ ರಿಮೋಟ್ ಎತ್ತಿಕೊಂಡು ವಾಪಸ್ ಬರುತ್ತಿದ್ದೆ. ಸಿಟ್ಟು ಬರುವುದು ಎಷ್ಟು ಸುಲಭವೋ, ಇಳಿದು ಬರುವ ದಾರಿ ಅಷ್ಟೇ ಕಷ್ಟ.

ಗೈಡಿಗೆ ಎಲ್ಲ ಹೇಳಿದ್ದೆ. ಅವರು ಬೊರಿವಲಿಯಿಂದ ಬರುವ ಮರಾಠಿ ಮನುಷ್ಯ. ಕನ್ನಡದಲ್ಲಿ ಅವರಿಗೆ ಗೊತ್ತಿದ್ದದ್ದು ‘ಬೇಗ’ ಎಂಬ ಒಂದೇ ಶಬ್ದ, ಅದನ್ನೂ ನನಗೆ ಹೇಳಲೆಂದೇ ಕಲಿತದ್ದು. ನಾನು ಮಂಗಳಾರತಿಗೆ ತಯಾರಾಗಿ ನಿಂತಿದ್ದೆ. ಅವರು ಬಿಲ್ಲೆಗಳನ್ನು ಮೈಕ್ರೋಸ್ಕೋಪಿನಲ್ಲಿ ಬಹಳ ಹೊತ್ತು ನೋಡಿ, “ಫ್ರೀಜರ್ ಎಷ್ಟು ಡಿಗ್ರಿ?” ಎಂದು ಮಾತ್ರ ಕೇಳಿದರು.

“ಗೊತ್ತಿಲ್ಲ ಸರ್.”

“ಯಾವಾಗ ಬದಲಾಯಿತು?”

“ಯಾರಿಗೆ ಗೊತ್ತು ಸರ್, ಫ್ರೀಜರಿಗೆ ಕಿವಿ ಕೊಟ್ಟು ಯಾರು ಕೂತಿರ್ತಾರೆ?”

ಇದನ್ನು ಅಮ್ಮನ ಹತ್ತಿರ ಹೇಳಿಕೊಂಡು ಗೋಳಾಡುತ್ತಿದ್ದೆ. ಅಮ್ಮ ಬೀನ್ಸ್ ಮುರಿಯುತ್ತಾ, “ಅಪ್ಪ ಅದೆಂಥದೋ ಟಿಕ್ ಟಿಕ್ ಅಂತ ಬರೆದಿಟ್ಟಿದ್ದಾರಲ್ಲ. ಆ ಫ್ರೀಜರ್ ಮೆಕ್ಯಾನಿಕ್ ಬಂದು ಬೈಸಿಕೊಂಡು ಹೋದ” ಎಂದರು.

“ಬರೆದಿಟ್ಟಿದ್ದಾರಾ?”

“ನೀನೇ ಕೇಳು. ನಾನು ಡ್ಯೂಟಿ ಬಿಟ್ಟಾಯ್ತು.”

ಅಪ್ಪನನ್ನು ಕೇಳುವ ಬದಲು ಮರುದಿನ ಗೈಡಿಗೆ ಹೇಳಿದೆ. ಅವರು ಟೋಪಿ ಹಾಕಿಕೊಂಡು, “ನಡಿ, ಫೋರ್ಟಿಗೆ. ಫಿಲ್ಟರ್ ಕಾಫಿ ಕುಡಿದು ಬಹಳ ದಿನ ಆಯಿತು” ಎಂದರು.

ಮಧ್ಯಾಹ್ನ ಮೂರೂವರೆ, ಹೋಟೆಲಿನಲ್ಲಿ ರಶ್ ಇಲ್ಲದ ಹೊತ್ತು. ಗೈಡ್ ಯಾರೆಂದು ಗೊತ್ತಾದ ಕೂಡಲೇ ಅಪ್ಪ ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡು ಬಂದರು. ನನ್ನ ಕಡೆ ನೋಡಲಿಲ್ಲ. ಗೈಡ್ ಹಿಂದಿಯಲ್ಲಿ, “ನೀವು ಸದ್ದು ಕೇಳಿದಿರಂತೆ?” ಎಂದರು. ಅಪ್ಪನ ಕಿವಿ ನಿಮಿರಿತು. ಈ ಪ್ರಶ್ನೆಯನ್ನು ಇಷ್ಟು ಗೌರವದಿಂದ ಅವರಿಗೆ ಯಾರೂ ಕೇಳಿರಲಿಲ್ಲ. ಮೆಕ್ಯಾನಿಕ್ ಅಂತೂ “ನಿಮಗೆ ಭ್ರಮೆ” ಎಂದು ಹೇಳಿ ಹೋಗಿದ್ದನಂತೆ.

“ಸರ್, ಆ ಫ್ರೀಜರ್ ಹೊಸದಾಗಿ ರಿಪೇರಿ ಆದದ್ದು. ಪ್ರತಿ ಸಲ ಅವನು ಬಂದು ಏನೂ ತೊಂದರೆ ಇಲ್ಲ ಅಂತಾನೆ. ಅದಕ್ಕೆ ಈ ಸಲ ನಾನು ಪುರಾವೆ ಇಟ್ಟಿದ್ದೇನೆ.”

ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಒಂದು ಚೀಟಿ ತಂದು ಮೇಜಿನ ಮೇಲಿಟ್ಟರು. ಸಪ್ಲೈಯರ್‌ಗಳು ಆರ್ಡರ್ ಬರೆದುಕೊಳ್ಳುವ ಪ್ಯಾಡಿನ ಹಾಳೆ. ಟೇಬಲ್ ನಂಬರ್ ಬರೆಯುವ ಜಾಗದಲ್ಲಿ ‘ಫ್ರೀಜರ್’ ಎಂದು ಬರೆದಿದ್ದರು. ಕೆಳಗೆ ಅವರ ದುಂಡು ಕನ್ನಡ ಅಕ್ಷರಗಳು:

‘ಮಗಳ ಡಬ್ಬಿ ಇಟ್ಟದ್ದು 3.10. ಟಿಕ್ ಒಂದು, 4.40, ಮೈನಸ್ 17. ಟಿಕ್ ಟಿಕ್ ದೊಡ್ಡದು, 4.42, ಮೈನಸ್ 18. ಟಿಕ್ ಒಂದು, 4.55, ಮೈನಸ್ 20. ಆಮೇಲೆ ಇಲ್ಲ.’

ನಾನು ಗೈಡಿಗೆ ಓದಿ ಹೇಳಿದೆ. ಅವರು ಕಾಫಿಯ ಲೋಟ ಕೆಳಗಿಟ್ಟರು.

“ಇನ್ನೊಮ್ಮೆ ಓದು.”

ಓದಿದೆ.

“ನೀನು ಯಂತ್ರದ ಕಿವಿ ತೆರೆಯಲು ಎಷ್ಟು ಡಿಗ್ರಿ ಅಂತ ಬರೆದಿದ್ದೆ?”

“ಮೈನಸ್ ಮೂವತ್ತು,” ಎಂದೆ. ಹೇಳುತ್ತಿರುವಾಗಲೇ ನನಗೆ ಹೊಳೆಯಿತು. ಮೂವತ್ತಕ್ಕೆ ಮೊದಲೇ ಎಲ್ಲ ಮುಗಿದುಹೋಗುತ್ತಿತ್ತು. ಫ್ರೀಜರಿನ ಡಯಲ್ ಹದಿನೇಳು ತೋರಿಸುವಾಗ ಡಬ್ಬಿಯೊಳಗಿನ ಬಿಲ್ಲೆ ಇನ್ನೂ ಅದಕ್ಕಿಂತ ಬಿಸಿಯೇ ಇರಬೇಕು. ಆ ಬೆಳಿಗ್ಗೆ ನಾನು ಸ್ಲಾಟಿಗೆ ಹೋಗಿದ್ದರೆ, ಯಂತ್ರ ಕಿವಿ ತೆರೆಯುವ ಹೊತ್ತಿಗೆ ಟಿಕ್ ಎಂಬುದೇ ಉಳಿದಿರುತ್ತಿರಲಿಲ್ಲ. ಖಾಲಿ ಕಾಗದ ಹಿಡಿದುಕೊಂಡು ಮನೆಗೆ ಬರುತ್ತಿದ್ದೆ, ತಪ್ಪು ಎಲ್ಲಿ ಎಂದೂ ಗೊತ್ತಾಗದೆ.

ಗೈಡ್ ಗಡ್ಡ ಕೆರೆದುಕೊಂಡರು. “ಇಷ್ಟು ಬೇಗ ಬದಲಾಗಿದೆ ಅಂದರೆ ನಿನ್ನ ಪಾಕದಲ್ಲಿ ನಿಕ್ಕಲ್ ಕಡಿಮೆ ಬಿದ್ದಿದೆ. ಅಳತೆ ಮತ್ತೆ ನೋಡು.”

ಅಪ್ಪ ಇದನ್ನು ಕೇಳಿಸಿಕೊಂಡರು. ನನ್ನ ಕಡೆ ನೋಡದೆ, ಗೈಡಿನ ಕಡೆ ಬಾಗಿ, ಹಿಂದಿಯಲ್ಲಿ ವಿನಯದಿಂದ ಹೇಳಿದರು: “ಅಂದರೆ ಸರ್, ಉಪ್ಪು ಕಮ್ಮಿಯಾದದ್ದು?”

“ಸರಿಯಾಗಿ ಹೇಳಿದಿರಿ. ಉಪ್ಪು ಕಮ್ಮಿ.”

“ಅವಳಿಗೆ ಕೇಳಿ ಸರ್, ಅಳೆದದ್ದು ಯಾರು ಅಂತ.”

ಗೈಡ್ ನನ್ನ ಕಡೆ ತಿರುಗಿದರು. “ಅಳೆದದ್ದು ಯಾರು ಅಂತ ಕೇಳ್ತಿದ್ದಾರೆ.”

“ನಾನೇ ಸರ್. ಹೇಳಿ ಅವರಿಗೆ.”

“ತಾನೇ ಅಂತೆ.”

ಅಪ್ಪ ತಲೆದೂಗಿದರು. ಒಬ್ಬ ಮರಾಠಿ ಪ್ರೊಫೆಸರನ್ನು ನಡುವೆ ಕೂರಿಸಿಕೊಂಡು ನಾವಿಬ್ಬರು ಕನ್ನಡದವರು ಹಿಂದಿಯಲ್ಲಿ ಜಗಳ ಮುಂದುವರಿಸುತ್ತಿದ್ದೆವು. ಕಾಫಿ ತಂದ ಸಪ್ಲೈಯರ್ ಹೋಗದೆ ಅಲ್ಲೇ ಕಂಬಕ್ಕೆ ಒರಗಿ ನಿಂತ.

“ಇನ್ನೊಂದು ಕೇಳಿ ಸರ್,” ಎಂದರು ಅಪ್ಪ. ಈ ಸಲ ಸ್ವರ ಸ್ವಲ್ಪ ಇಳಿದಿತ್ತು. “ಹಾಳಾದದ್ದು ಬಿಸಿ ಮಾಡಿದ್ರೆ ವಾಪಸ್ ಬರ್ತದಾ ಅಂತ.”

ಗೈಡ್ ಬಾಯಿ ತೆರೆದರು. ನಾನು ಅವರನ್ನು ತಡೆದು ಅಪ್ಪನಿಗೇ ಹೇಳಿದೆ, ಕನ್ನಡದಲ್ಲಿ.

“ಬರ್ತದೆ ಅಪ್ಪ. ಆದ್ರೆ ಸುಮ್ಮನೆ ಹೊರಗಿಟ್ರೆ ಬರೋದಿಲ್ಲ. ತಣಿಸಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಕಾಯಿಸ್ಬೇಕು. ಬಂದ ಮೇಲೂ ಮೊದಲಿನ ಹಾಗೇ ಇರೋದಿಲ್ಲ. ಒಳಗೆ ಗುರುತು ಉಳೀತದೆ. ಆದ್ರೆ ಮೊದಲಿಗಿಂತ ಗಟ್ಟಿ.”

ಅಪ್ಪ ನನ್ನ ಮುಖ ನೋಡಿದರು. ಮೂರು ವಾರದಲ್ಲಿ ಮೊದಲ ಸಲ.

“ತಪ್ಪಾಯ್ತು ಅಪ್ಪ,” ಎಂದೆ. “ತಣ್ಣಗೆ ಮಾಡಬಾರದು ಅಂತ ನಾನು ನಿಮಗೆ ಹೇಳ್ಲೇ ಇಲ್ಲ. ಬಿಸಿ ತಾಗಬಾರದು ಅಂದೆ, ಹಾಳಾಗಬಾರದು ಅಂದೆ. ನೀವು ಅಷ್ಟೂ ಮಾಡಿದ್ರಿ. ಎಲ್ಲರ ಎದುರು ಹಾಗೆ ಕೂಗಬಾರದಿತ್ತು.” ಕಣ್ಣಲ್ಲಿ ನೀರು ಬಂತು. ಕಂಬದ ಹತ್ತಿರ ನಿಂತವನೂ ಮೂಗು ಒರೆಸಿಕೊಂಡ.

“ಎಂಥ ಅಳ್ತೀಯ ಮಾರಾಯ್ತಿ, ಗಿರಾಕಿಗಳು ಉಪ್ಪಿಟ್ಟಿನಲ್ಲಿ ಏನೋ ಸಿಕ್ಕಿತು ಅಂದ್ಕೊಳ್ತಾರೆ,” ಎಂದರು ಅಪ್ಪ. ಎದ್ದು ಹೋಗಿ ಗೈಡಿಗೆ ಇನ್ನೊಂದು ಕಾಫಿ ಕಳಿಸಿದರು.

ಗೈಡ್ ಆ ಚೀಟಿಯನ್ನು ಮಡಚಿ ತಮ್ಮ ಕಿಸೆಗೆ ಹಾಕಿಕೊಳ್ಳಲು ಹೋದಾಗ ಅಪ್ಪ ಬಿಡಲಿಲ್ಲ. ಮೆಕ್ಯಾನಿಕ್ಕಿಗೆ ತೋರಿಸುವ ಪುರಾವೆ, ಫೋಟೋ ಬೇಕಾದರೆ ತೆಗೆದುಕೊಳ್ಳಿ ಎಂದರು. ಸದ್ದು ಫ್ರೀಜರಿನದ್ದಲ್ಲ, ಬಿಲ್ಲೆಯದ್ದು ಎಂದು ನಾವಿಬ್ಬರೂ ಎಷ್ಟು ಹೇಳಿದರೂ ಅವರು ಪೂರ್ತಿ ಒಪ್ಪಲಿಲ್ಲ. ಇವತ್ತಿಗೂ ಅವರಿಗೆ ಆ ಮೆಕ್ಯಾನಿಕ್ ಮೇಲೆ ಗುಮಾನಿ ಇದೆ.

ಅವತ್ತು ಅಪ್ಪ ಬೇಗ ಹೊರಟರು. ಇಬ್ಬರೂ ವಿ.ಟಿ.ವರೆಗೆ ನಡೆದೆವು. ಇಂಡಿಕೇಟರಿನಲ್ಲಿ ಫಾಸ್ಟ್ ಎರಡು ನಿಮಿಷ, ಸ್ಲೋ ನಾಲ್ಕು ನಿಮಿಷ. ಫಾಸ್ಟಿನಲ್ಲಿ ಕಾಲಿಡಲು ಜಾಗ ಇರಲಿಲ್ಲ, ಸ್ಲೋ ಹಿಡಿಯೋಣ ಎಂದು ಬಿಟ್ಟೆವು. ಪ್ಲಾಟ್‌ಫಾರ್ಮಿನಲ್ಲಿ ಅಪ್ಪ ಎರಡು ಸಲ ಗಂಟಲು ಸರಿ ಮಾಡಿಕೊಂಡರು. ಏನೋ ಹೇಳಲು ಹೊರಟು ನುಂಗಿದರು. ಕೇಳಬೇಡಿ ಎಂದವಳು ನಾನೇ. ಆ ಮಾತನ್ನು ಅವರು ಇನ್ನೂ ಪಾಲಿಸುತ್ತಿದ್ದರು.

“ಕೇಳಿ ಅಪ್ಪ,” ಎಂದೆ.

“ಎಂಥದ್ದು?”

“ಅದೇ. ದಿನಾ ಕೇಳ್ತಿದ್ರಲ್ಲ.”

ಅಪ್ಪ ಹಳಿಯ ಕಡೆ ನೋಡುತ್ತಾ, ಯಾವುದೋ ಗುರುತಿಲ್ಲದ ಗಿರಾಕಿಯನ್ನು ಕೇಳಿದ ಹಾಗೆ, ಮೆಲ್ಲಗೆ ಕೇಳಿದರು.

“ಆರ್ಡರ್ ಬಂತಾ?”

“ಬರ್ತಾ ಉಂಟು,” ಎಂದೆ.

ಅವರು ನಕ್ಕರು, ಹೊಟ್ಟೆ ಕುಲುಕುವಷ್ಟು. “ಕಾವಲಿಗೆ ಇನ್ನೂ ಹಿಟ್ಟೇ ಬೀಳ್ಲಿಲ್ಲ ಅಲ್ವಾ?” ಎಂದು, ನನ್ನ ಕೈಯಿಂದ ಬ್ಯಾಗ್ ತೆಗೆದುಕೊಂಡು, ಇನ್ನೂ ನಿಲ್ಲದ ಟ್ರೇನಿನ ಕಡೆ ಸೀಟು ಹಿಡಿಯಲು ಓಡಿದರು.